ಪದ ಬೇಕಿದೆ: ‘ಫಿಸಿಕಲ್ ವೇಪರ್ ಟ್ರಾನ್ಸ್‌ಪೋರ್ಟ್’

ಎಲ್ಲರಿಗೂ ನಮಸ್ಕಾರ. ಹರಳು ಬೆಳೆಸುವ ವಿಧಾನದ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ, ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಮುಚ್ಚಿದ ಮೂಸೆಯ ಬಿಸಿ ತುದಿಯಲ್ಲಿರುವ ಪುಡಿ ಕರಗದೆ ನೇರ ಆವಿಯಾಗುತ್ತದೆ. ಆ ಆವಿ ತುಸು ತಣ್ಣಗಿರುವ ತುದಿಗೆ ಹೋಗಿ, ಅಲ್ಲಿ ಕೂರಿಸಿದ ‘ಸೀಡ್’ (ಬೆಳವಣಿಗೆಗೆ ಮೊದಲಾಗಿ ಇಡುವ ಪುಟ್ಟ ಹರಳು) ಮೇಲೆ ಹರಳಾಗಿ ಬೆಳೆಯುತ್ತದೆ. ಇದಕ್ಕೆ ‘ಭೌತಿಕ ಬಾಷ್ಪ ಸಂವಹನ’ ಎಂದು ಬರೆದಿದ್ದೇನೆ. ಲೇಖನದ ಉತ್ತರಾರ್ಧ ಪೂರ್ತಿ ಈ ಕ್ರಿಯೆಯ ಗಣಿತ ಮಾದರಿ. ಪದ ನಿಲ್ಲುತ್ತದೆಯೇ?

—

ನಿಲ್ಲುವುದಿಲ್ಲ. ‘ಬಾಷ್ಪ’ಕ್ಕೆ ಕಣ್ಣೀರು ಎಂಬ ಅರ್ಥವೂ ಇದೆ. ‘ಆವಿ’ ಇರುವಾಗ ಅದೇಕೆ? ‘ಆವಿಸಾಗಣೆ’ ಸಾಕು, ‘ಭೌತಿಕ’ ತೆಗೆಯಿರಿ. ಹಾಗೆಯೇ ಮುಂದೆ ಎಲ್ಲಿಯೂ ‘ಸ್ಫಟಿಕ’ ನುಸುಳದಂತೆ ನೋಡಿಕೊಳ್ಳಿ. ‘ಹರಳು’ ಹಳಗನ್ನಡದ ‘ಪರಳ್’. ಪಾಲು-ಹಾಲು ಆದ ದಾರಿಯಲ್ಲೇ ಬಂದದ್ದು. ಅದರಿಂದ ‘ಹರಳುಗಟ್ಟು’ ಎಂಬ ಕ್ರಿಯಾಪದ ತಾನಾಗಿ ಹುಟ್ಟುತ್ತದೆ. ‘ಸ್ಫಟಿಕೀಕರಿಸು’ ಎಂದು ಯಾರ ಬಾಯಲ್ಲಿ ಕೇಳಿದ್ದೀರಿ?

—

> ‘ಭೌತಿಕ’ ತೆಗೆಯಿರಿ

ತೆಗೆಯಬಾರದು. ಇದರ ಪಕ್ಕದಲ್ಲೇ ರಾಸಾಯನಿಕ ಆವಿಸಾಗಣೆ ಎಂಬ ಬೇರೆ ವಿಧಾನವಿದೆ. ಅಲ್ಲಿ ಅಯೊಡಿನ್‌ನಂಥ ವಾಹಕವೊಂದು ಪುಡಿಯೊಡನೆ ಕೂಡಿ, ಬೇರೊಂದು ಸಂಯುಕ್ತವಾಗಿ ಆವಿಯಲ್ಲಿ ಸಾಗಿ, ಇನ್ನೊಂದು ತುದಿಯಲ್ಲಿ ವಸ್ತುವನ್ನು ಬಿಟ್ಟುಕೊಡುತ್ತದೆ. ನಮ್ಮದರಲ್ಲಿ ಅಂಥ ವಾಹಕವಿಲ್ಲ. ‘ಭೌತ’ ಎಂಬ ವಿಶೇಷಣ ಹೇಳುವುದು ಇದನ್ನೇ. ಹೀಗೆ ಬೆಳೆಸುವ ಸಿಲಿಕಾನ್ ಕಾರ್ಬೈಡ್ (ಸಿಲಿಕಾನ್ ಮತ್ತು ಇಂಗಾಲದ ಸಂಯುಕ್ತ) ವಿಷಯದಲ್ಲಿ ಆ ವಿಶೇಷಣವೂ ಪೂರ್ತಿ ಹೊಂದುವುದಿಲ್ಲ: 2000 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿನಲ್ಲಿ ಅದು ಇಡಿಯಾಗಿ ಆವಿಯಾಗದೆ ಒಡೆಯುತ್ತದೆ. ಆವಿಯಲ್ಲಿರುವುದು ಹೆಚ್ಚಾಗಿ ಬಿಡಿ ಸಿಲಿಕಾನ್, ಎರಡು ಸಿಲಿಕಾನ್‌ಗೆ ಒಂದು ಇಂಗಾಲ ಸೇರಿದ ಅಣು, ಒಂದು ಸಿಲಿಕಾನ್‌ಗೆ ಎರಡು ಇಂಗಾಲ ಸೇರಿದ ಅಣು. ಆದರೂ ಹೊರಗಿನ ವಾಹಕ ಇಲ್ಲದ್ದರಿಂದ ಹೆಸರು ‘ಭೌತ’ವೇ. ಈ ಹರಳು ಬೆಳೆಸಲು ವಿಜ್ಞಾನಿ ಲೆಲಿ 1955ರಲ್ಲಿ ತೋರಿಸಿದ ದಾರಿಗೆ 1978ರಲ್ಲಿ ತೈರೋವ್ ಮತ್ತು ಸ್ವೆತ್ಕೋವ್ ಎಂಬ ವಿಜ್ಞಾನಿಗಳು ಸೀಡ್ ಸೇರಿಸಿದ ಮೇಲೆ ದೊಡ್ಡ ಹರಳುಗಳು ಸಾಧ್ಯವಾದವು.

ನಿಜವಾದ ತೊಡಕು ‘ಸಂವಹನ’ದಲ್ಲಿದೆ. ಶಾಲೆಯಲ್ಲಿ ವಹನ, ಸಂವಹನ, ವಿಕಿರಣ ಓದಿದವರಿಗೆ ಅದು ‘ಕನ್ವೆಕ್ಷನ್’. ಮಾದರಿಯ ಭಾಗಕ್ಕೆ ಬಂದಾಗ ಏನು ಮಾಡುತ್ತೀರಿ? ಅಲ್ಲಿ ಆವಿ ಮೂರು ಬಗೆಯಲ್ಲಿ ಚಲಿಸುತ್ತದೆ. ಆರ್ಗಾನ್‌ನಂಥ ಜಡ ಅನಿಲದ ನಡುವೆ ವಿಸರಣ ಒಂದು. ಪುಡಿಯಿಂದ ಎದ್ದು ಹರಳಿನಲ್ಲಿ ಇಂಗುವ ಆವಿ ತಾನೇ ಉಂಟುಮಾಡುವ ಸ್ಟೆಫಾನ್ ಹರಿವು ಇನ್ನೊಂದು. ಗುರುತ್ವದಿಂದ ಏಳುವ ಸುಳಿಯೋಟ ಮೂರನೆಯದು, ಅದೇ ಸಂವಹನ. ಮೂರೂ ಸೇರಿದರೆ ಟ್ರಾನ್ಸ್‌ಪೋರ್ಟ್. ಭಾಗದ ಹೆಸರನ್ನು ಇಡಿಗೆ ಕೊಟ್ಟರೆ ಸಮೀಕರಣ ವಿವರಿಸುವ ಮೊದಲ ಪ್ಯಾರಾದಲ್ಲೇ ಓದುಗ ದಾರಿ ತಪ್ಪುತ್ತಾನೆ. ‘ಭೌತ ಆವಿಸಾಗಣೆ’ ಎನ್ನಿ.

—

‘ರವಾನೆ’ ಇನ್ನೂ ಬಳಕೆಯ ಮಾತಲ್ಲವೇ? ‘ಆವಿ ರವಾನೆ’?

—

‘ರವಾನೆ’ ಪಾರಸಿಯದು. ಬೇಡ.

—

ಪಾರಸಿ ಎಂಬುದು ಕಾರಣವೇ ಅಲ್ಲ. ‘ದವಾಖಾನೆ’, ‘ಕಾಗದ’ ಬಿಟ್ಟು ಬದುಕುತ್ತೀರಾ? ರವಾನೆ ಎಂದಮೇಲೆ ಕಳಿಸುವವನೊಬ್ಬ ಇರಬೇಕು. ಇಲ್ಲಿ ಯಾರೂ ಕಳಿಸುವುದಿಲ್ಲ. ಬಿಸಿ ತುದಿಯಲ್ಲಿ ಆವಿಯೊತ್ತಡ ಹೆಚ್ಚು, ತಣ್ಣನೆಯ ತುದಿಯಲ್ಲಿ ಕಡಿಮೆ, ಆ ಅಂತರವೇ ಸಾಗಿಸುತ್ತದೆ. ಪದ ಬೀಳುವುದು ಅರ್ಥದಿಂದ, ಜಾತಕದಿಂದಲ್ಲ. ಎರವಲನ್ನೆಲ್ಲ ಹೊರಹಾಕುವ ಹಟದಿಂದ ಕನ್ನಡದಲ್ಲಿ ವಿಜ್ಞಾನ ಬರೆಯುವವರು ಎರಡು ಸಾಲಿಗೊಮ್ಮೆ ನಿಂತು ಅಪ್ಪಣೆ ಕೇಳುವಂತಾಗಿದೆ.

—

ಅಪ್ಪಣೆಯಲ್ಲ, ಎಚ್ಚರ. ಇವತ್ತು ‘ರವಾನೆ’ ಎಂದವರು ನಾಳೆ ‘ಟ್ರಾನ್ಸ್‌ಪೋರ್ಟ್’ ಎಂದೇ ಬರೆಯುತ್ತಾರೆ. ‘ಭೌತ’ವನ್ನೂ ನಾನು ಒಪ್ಪಿಲ್ಲ, ‘ವಾಹಕವಿಲ್ಲದ ಆವಿಸಾಗಣೆ’ ಎಂದರೆ ನೀವು ಹೇಳಿದ ಅರ್ಥ ಬಿಚ್ಚಿ ಹೇಳಿದಂತಾಗುತ್ತದೆ.

—

ಇಬ್ಬರಿಗೂ ಧನ್ಯವಾದ. ಶೀರ್ಷಿಕೆಗೆ ‘ಭೌತ ಆವಿಸಾಗಣೆ’ ಇಟ್ಟು, ಮೊದಲ ಬಾರಿ ಬಂದಲ್ಲಿ ‘ವಾಹಕವಿಲ್ಲದ’ ಎಂದು ಬಿಡಿಸುತ್ತೇನೆ. ‘ಸಂವಹನ’ ಮೂರನೆಯ ಬಗೆಗೆ ಮಾತ್ರ. ಇನ್ನು ‘ಸೀಡ್’ ಉಳಿದಿದೆ: ‘ಬೀಜಹರಳು’ ಬರೆಯಲೇ, ‘ಬಿತ್ತುಹರಳು’ ಬರೆಯಲೇ?