ಮಗಳಿಗೆ ಕಳೆಯೋ ಲೆಕ್ಕ ತಲೆಗೆ ಹತ್ತುತ್ತಿಲ್ಲ, ನಿಮ್ಮ ಮಕ್ಕಳಿಗೆ ಹೇಗೆ ಹೇಳ್ಕೊಟ್ರಿ?

ಕೇಳಿದವರು, ಮೈಸೂರು

ಮಗಳು ಎರಡನೇ ಕ್ಲಾಸು. ಕೂಡೋದು ಕೊಟ್ರೆ ಪಟಪಟ ಅಂತ ಮಾಡ್ತಾಳೆ, ಕಳೆಯೋದು ಬಂತು ಅಂದ್ರೆ ಮುಖ ಸಪ್ಪೆ. 9ರಲ್ಲಿ 4 ಹೋದ್ರೆ ಎಷ್ಟು ಅಂದ್ರೆ ಬೆರಳು ಎಣಿಸ್ತಾಳೆ, ಒಂದ್ಸಲ 5 ಅಂತಾಳೆ ಒಂದ್ಸಲ 6 ಅಂತಾಳೆ, 13ರಲ್ಲಿ 8 ಅಂದ್ರಂತೂ ಬೆರಳೇ ಸಾಲಲ್ಲ ಅಂತ ಪೆನ್ಸಿಲ್ ಕೆಳಗಿಟ್ಟು ಕೂತ್ಬಿಡ್ತಾಳೆ. ಚಿತ್ರ, ಮಣಿ ಏನಾದ್ರೂ ತೋರಿಸಿ ಹೇಳ್ಕೊಡಿ ಅಂತಾರೆ ಎಲ್ರೂ, ಅಂಗಡೀಲಿ ನೋಡಿದ್ರೆ ನೂರೆಂಟು ಐಟಮ್ಮು. ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಯಾವುದು, ಅನುಭವ ಇರೋರು ಹೇಳ್ತೀರಾ ಪ್ಲೀಸ್.

ನಲಿಕಲಿ ಟೀಚರ್, ತುಮಕೂರು ಕಡೆ

ಮೇಡಂ, ಸದ್ಯಕ್ಕೆ ಏನೂ ಕೊಂಡ್ಕೋಬೇಡಿ. ಮೊದ್ಲು ಪಕ್ಕದಲ್ಲಿ ಕೂತು ಅವಳು ಬೆರಳು ಹೇಗೆ ಮಡಚ್ತಾಳೆ ಸುಮ್ನೆ ನೋಡಿ. 9ರಲ್ಲಿ 4ಕ್ಕೆ ಒಂದೊಂದ್ಸಲ 6 ಅಂತಾಳೆ ಅಂದ್ರಲ್ಲ, "ಒಂಬತ್ತು, ಎಂಟು, ಏಳು, ಆರು" ಅಂತ ನಾಲ್ಕು ಬೆರಳು ಮಡಚಿ ಕೊನೇಗೆ ಬಾಯಲ್ಲಿ ಬಂದ ಆರನ್ನೇ ಉತ್ತರ ಅಂತಿರ್ತಾಳೆ ನೋಡಿ ಬೇಕಾದ್ರೆ. ನಿಂತಿರೋ ಜಾಗಾನೂ ಒಂದು ಹೆಜ್ಜೆ ಅಂತ ಎಣಿಸಿಬಿಡ್ತಾರೆ, ನನ್ನ ಕ್ಲಾಸಲ್ಲಿ ಪ್ರತಿ ವರ್ಷ ಇಂಥ ಮಕ್ಕಳು ಇದ್ದೇ ಇರ್ತಾರೆ. ಇದಕ್ಕೆ ನೆಲದ ಮೇಲೆ ಚಾಕ್‌ಪೀಸಲ್ಲಿ 0ಯಿಂದ 20ರ ತನಕ ಒಂದು ಸಂಖ್ಯಾರೇಖೆ ಬರೀರಿ, 9ರ ಮೇಲೆ ನಿಲ್ಲಿಸಿ, ಹಿಂದಕ್ಕೆ ಒಂದು ಹಾರಿದ ಮೇಲೇನೇ "ಒಂದು" ಅನ್ಬೇಕು, ನಿಂತಲ್ಲೇ ಬಾಯಿ ತೆಗೀಬಾರ್ದು, ಅಷ್ಟೇ ರೂಲು. ನಾಲ್ಕು ಹಾರಿ ಕಾಲು ಎಲ್ಲಿದೆ ನೋಡು ಅಂದ್ರೆ ಐದರ ಮೇಲಿರುತ್ತೆ. ಆಮೇಲೆ ಅದನ್ನೇ ಸ್ಲೇಟ್ ಮೇಲೆ ಬರೆದು ಬೆರಳಲ್ಲಿ ಹಾರಿಸಿ.

1995ರಲ್ಲಿ ಎಚ್.ಡಿ. ಕೋಟೆ ಕಡೆ ನಲಿಕಲಿ (ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆ ಮಾಡಿಸ್ತಾ ಕಲಿಸೋ ಪದ್ಧತಿ) ಶುರುವಾದಾಗಿಂದ್ಲೂ ಕಲ್ಲು, ಬೀಜ, ಕಡ್ಡಿ ಇವೇ ನಮ್ಮ ಸಾಮಾನು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೇಲಿ ಕೂತ್ಕೊಂಡು ಇದ್ರಲ್ಲೇ ಕಲೀತಾರೆ, ದುಡ್ಡು ಕೊಟ್ಟು ತಂದಿದ್ರಿಂದ ಹೆಚ್ಚಿಗೆ ಬರುತ್ತೆ ಅನ್ನೋದು ನಾನಂತೂ ನೋಡಿಲ್ಲ.

ಇನ್ನೊಂದು, ವರ್ಕ್‌ಶೀಟಲ್ಲಿ ಒಂಬತ್ತು ಮಾವಿನಹಣ್ಣು ಬರೆದು ನಾಲ್ಕಕ್ಕೆ ಅಡ್ಡಗೆರೆ ಹಾಕಿರ್ತಾರಲ್ಲ, ಅದ್ರಲ್ಲಿ ಮಗು ಉಳಿದಿದ್ದನ್ನ ಎಣಿಸುತ್ತೆ ಅಷ್ಟೇ, ಕಳೆಯೋದು ಏನೂ ಮಾಡಲ್ಲ. ಎಷ್ಟು ಶೀಟ್ ತುಂಬಿಸಿದ್ರೂ ಅಲ್ಲೇ ಇರುತ್ತೆ.

ಇಬ್ಬರು ಹುಡುಗರ ಅಪ್ಪ, ಬೆಂಗಳೂರು

ಟೀಚರ್ ಹೇಳಿದ ಕೊನೇ ಮಾತಿಗೆ ನೂರು ಮಾರ್ಕ್ಸು. ನಮ್ಮನೇಲಿ ಉಪಯೋಗಕ್ಕೆ ಬಂದಿದ್ದು ಮೊಟ್ಟೆ ಟ್ರೇ. 30 ಮೊಟ್ಟೆ ಟ್ರೇನಲ್ಲಿ ಒಂದು ಕಡೆ ಐದು ಗುಂಡಿ ಇನ್ನೊಂದು ಕಡೆ ಆರು ಇರುತ್ತೆ, ಐದೈದರ ಎರಡು ಸಾಲು ಬರೋ ಹಾಗೆ ಕತ್ತರಿಸ್ಕೊಂಡ್ರೆ ಹತ್ತರ ಮನೆ ರೆಡಿ, ಒಳಗಡೆ ಬಾಟ್ಲಿ ಮುಚ್ಚಳ ಹಾಕೋದು. ಒಂದು ಸಾಲು ಪೂರ್ತಿ ತುಂಬಿಸಿದ ಮೇಲೇನೇ ಇನ್ನೊಂದಕ್ಕೆ ಹೋಗ್ಬೇಕು, ಇದು ಮುಖ್ಯ, ಯಾಕಂದ್ರೆ ಆಗ 7 ಅಂದ್ರೆ ಐದು ಮತ್ತೆ ಎರಡು ಅಂತ ಎಣಿಸದೇನೇ ಕಣ್ಣಿಗೆ ಕಾಣುತ್ತೆ, ಖಾಲಿ ಇರೋ ಮೂರೂ ಕಾಣುತ್ತೆ. ಅದಾದ್ಮೇಲೆ ಆಟ ಏನಂದ್ರೆ 9 ಮುಚ್ಚಳ ಇಟ್ಟು, ಅವನು ಕಣ್ಣು ಮುಚ್ಕೊಂಡಾಗ ಟ್ರೇ ಮೇಲೆ ಅರ್ಧಂಬರ್ಧ ಕರ್ಚೀಫ್ ಹೊದಿಸೋದು, ಹೊರಗೆ ಐದು ಕಾಣ್ತಿದೆ ಒಳಗೆಷ್ಟಿದೆ ಹೇಳು. ಮುಟ್ಟಿ ಎಣಿಸಕ್ಕಾಗಲ್ಲ, ಮನಸ್ಸಲ್ಲೇ ನೋಡ್ಬೇಕು. ನನ್ನ ಪ್ರಕಾರ ಕಲಿಕೆ ಆಗೋದು ಕರ್ಚೀಫ್ ಹಾಕಿದ ಮೇಲೇನೇ, ಮುಚ್ಚಳ ಎಣಿಸ್ತಾ ಇರೋವರೆಗೂ ಬೆರಳು ಎಣಿಸೋದಕ್ಕೂ ಅದಕ್ಕೂ ಏನ್ ವ್ಯತ್ಯಾಸ ಹೇಳಿ.

20ರ ತನಕ ಹೋಗೋವಾಗ ರಟ್ಟಿಗೆ ಎರಡು ದಾರ ಕಟ್ಟಿ ಪ್ರತಿ ದಾರದಲ್ಲಿ ಐದು ಕೆಂಪು ಐದು ಬಿಳಿ ಮಣಿ ಪೋಣಿಸಿದ್ವಿ. ರೆಕೆನ್‌ರೆಕ್ ಅಂತಾರೆ, ನೆದರ್‌ಲ್ಯಾಂಡ್ಸ್‌ನ ಫ್ರಾಯ್ಡೆಂತಾಲ್ ಇನ್‌ಸ್ಟಿಟ್ಯೂಟ್‌ನ ಟ್ರೆಫರ್ಸ್ ಅನ್ನೋರು ಮಾಡಿದ್ದು. ಆನ್‌ಲೈನಲ್ಲಿ ರೇಟ್ ನೋಡಿ ನಗು ಬಂತು, ಅವೆನ್ಯೂ ರೋಡ್ ಮಣಿ ಸಾಕು.

ಕಿರಾಣಿ ಅಂಗಡಿ ಅಜ್ಜಿ, ಧಾರವಾಡ

ನಮ್ಮದು ಕಿರಾಣಿ ಅಂಗಡಿ ಐತ್ರಿ, ಮೊಮ್ಮಗ ಗಲ್ಲಾಪೆಟಗಿ ಬಾಜೂ ಕುಂತು ಲೆಕ್ಕ ಕಲ್ತಾನ. ಅಂಗಡ್ಯಾಗ ಯಾರೂ ಕಳ್ಯೂದಿಲ್ರಿ, ಕೂಡ್ಸೂದೇ. ಗಿರಾಕಿ 37 ರೂಪಾಯಿ ಸಾಮಾನ ತಗೊಂಡು 50ರ ನೋಟು ಕೊಟ್ರ, ಮೂರು ಇಟ್ರ ನಾಲ್ವತ್ತು, ಮ್ಯಾಲೆ ಹತ್ತು ಇಟ್ರ ಐವತ್ತು, ಹದಿಮೂರು ಅವರ ಕೈಯಾಗ. 13ರಾಗ 8 ಅಂದ್ರೂ ಹಂಗ ಮಾಡ್ರಿ, 8ಕ್ಕ ಎರಡು ಹಾಕಿದ್ರ ಹತ್ತು, ಇನ್ನ ಮೂರು ಹಾಕಿದ್ರ ಹದಿಮೂರು, ಒಟ್ಟ ಐದು. ನಿಮ್ಮ ಕೂಸಿಗೆ ಕೂಡ್ಸೂದು ಚಲೋ ಬರತೈತಿ ಅಂದ್ರ ಇದು ಲಗೂನ ಬರತೈತಿ. ಈಗ ಎಲ್ಲಾರೂ ಫೋನ್ ಹಿಡದು ಸ್ಕ್ಯಾನ್ ಮಾಡಿ ಹೋಗ್ತಾರ, ಹುಡುಗ್ರಿಗೆ ಚಿಲ್ಲರ ನೋಡಾಕ ಎಲ್ಲಿ ಸಿಗತೈತ್ರಿ. ಒಂದು ಡಬ್ಬಿ ತುಂಬ ಒಂದು ರೂಪಾಯಿ ನಾಣ್ಯ ಇಡ್ರಿ ಮನ್ಯಾಗ, ಅಂಗಡಿ ಅಂಗಡಿ ಆಡ್ರಿ.

ಹೋಂ ಟ್ಯೂಷನ್ ತಗೊಳ್ಳೋಳು, ಶಿವಮೊಗ್ಗ

ಅಜ್ಜಿ ಹೇಳಿದ್ದು ಸೂಪರ್. ಒಂದು ಸೇರಿಸ್ತೀನಿ, ಮಕ್ಕಳಿಗೆ ಇದು ಸಮುದ್ರದಷ್ಟಿದೆ ಅನ್ಸುತ್ತೆ, ಅಷ್ಟಿಲ್ಲ ಅಂತ ತೋರಿಸಿ. 0ಯಿಂದ 10ರ ಒಳಗೆ ಕಳೆಯೋ ಲೆಕ್ಕ ಒಟ್ಟು 66. ಸೊನ್ನೆ ಕಳೆಯೋದು, ಒಂದು ಕಳೆಯೋದು, ಅದರಲ್ಲಿ ಅದನ್ನೇ ಕಳೆಯೋದು, ಉತ್ತರ ಒಂದೇ ಬರೋದು (8ರಲ್ಲಿ 7 ಥರದ್ದು) ಇಷ್ಟನ್ನ ತೆಗೆದ್ರೆ ಉಳಿಯೋದು 28. ಅದ್ರಲ್ಲಿ 4ರಲ್ಲಿ 2, 6ರಲ್ಲಿ 3, 8ರಲ್ಲಿ 4, 10ರಲ್ಲಿ 5 ಮಕ್ಕಳಿಗೆ ಹೆಂಗಿದ್ರೂ ಬರುತ್ತೆ, 24 ಆಯ್ತು. 9ರಲ್ಲಿ 4 ಬಂದ್ರೆ 9ರಲ್ಲಿ 5 ಕೂಡ ಬಂದಂಗೇ, ಹಂಗೆ ಜೋಡಿ ಮಾಡಿದ್ರೆ ಬರೀ 12. ಈ 12ಕ್ಕೆ ಮದುವೆ ಕಾರ್ಡ್ ರಟ್ಟಲ್ಲಿ ತ್ರಿಕೋನ ಕತ್ತರಿಸಿ, ಮೇಲಿನ ಮೂಲೇಲಿ 9, ಕೆಳಗೆ 4 ಮತ್ತೆ 5, ಒಂದು ಮೂಲೆನ ಹೆಬ್ಬೆರಳಲ್ಲಿ ಮುಚ್ಚಿ ಕೇಳಿ. ಬಂದಿದ್ದನ್ನೆಲ್ಲ ಒಂದು ಡಬ್ಬಿಗೆ ಹಾಕಿಸಿ, ಹೊರಗೆ ಉಳಿದಿರೋ ಕಾರ್ಡು ಕಮ್ಮಿ ಆಗ್ತಾ ಹೋಗೋದು ಅವಳಿಗೇ ಕಾಣುತ್ತೆ.

ಆ್ಯಪ್ ಬಗ್ಗೆ ಯಾರಾದ್ರೂ ಹೇಳ್ತಾರೆ ಈಗ. ನಂಗಂತೂ ಇಷ್ಟ ಇಲ್ಲ, ಟೈಮರ್ ಓಡ್ತಿದ್ರೆ ಮಕ್ಕಳು ಅಂದಾಜಲ್ಲಿ ಒತ್ತುತ್ತಾರೆ.

ನಲಿಕಲಿ ಟೀಚರ್

ಮರೆತಿದ್ದೆ, "ಅಣ್ಣನ ಹತ್ರ 9 ಗೋಲಿ, ನಿನ್ನ ಹತ್ರ 5, ಅವನ ಹತ್ರ ಎಷ್ಟು ಜಾಸ್ತಿ" ಅಂತಾನೂ ಕೇಳಿ. ಇಲ್ಲಿ ಯಾರೂ ಏನೂ ತೆಗೀತಿಲ್ಲ, ಹಾಗಾಗಿ ಎಷ್ಟೋ ಮಕ್ಕಳು 9ಕ್ಕೆ 5 ಕೂಡಿಸಿಬಿಡ್ತಾರೆ. ಹುಣಸೆ ಬೀಜ ಎರಡು ಸಾಲು, ಒಂದರ ಕೆಳಗೊಂದು ಎದುರುಬದುರು ಜೋಡಿಸಿ, ಜೋಡಿ ಇಲ್ಲದ್ದು ಎಷ್ಟು ನೋಡು ಅನ್ನಿ.

ಕೇಳಿದವರು

ಥ್ಯಾಂಕ್ಸ್ ಎಲ್ರಿಗೂ 🙏 ಈಗಷ್ಟೇ ನೋಡಿದೆ, ಟೀಚರ್ ಹೇಳಿದ್ದೇ, ನಿಂತಲ್ಲಿಂದ ಎಣಿಸ್ತಾ ಇದಾಳೆ! ಆದ್ರೆ ಸ್ಕೂಲಲ್ಲಿ 52ರಲ್ಲಿ 17 ಥರದ್ದು ಶುರು ಮಾಡ್ತಾರಂತೆ, ಅದಕ್ಕೂ ಟ್ರೇ ಸಾಕಾ?

ನಲಿಕಲಿ ಟೀಚರ್

ಅದಕ್ಕೆ ಕಡ್ಡಿ. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು, ಬಿಡಿ ಎರಡು. ಏಳು ಕೊಡು ಅಂದ್ರೆ ಬಿಡಿ ಸಾಲಲ್ಲ, ಅವಳೇ ಒಂದು ಕಟ್ಟು ಬಿಚ್ಚಲಿ, ನೀವು ಬಿಚ್ಚಬೇಡಿ. ಈಗ ನಾಲ್ಕು ಕಟ್ಟು, ಬಿಡಿ ಹನ್ನೆರಡು. ಏಳು ತೆಗೆದ್ರೆ ಐದು, ಒಂದು ಕಟ್ಟು ತೆಗೆದ್ರೆ ಮೂರು ಕಟ್ಟು, 35. ಅಲ್ಲೂ ತಡವರಿಸೋದು 12ರಲ್ಲಿ 7 ಅನ್ನೋ ಜಾಗದಲ್ಲೇ, ಅದಕ್ಕೆ ಅಜ್ಜಿ ಲೆಕ್ಕ ಮೊದ್ಲು ಗಟ್ಟಿ ಮಾಡ್ಸಿ. ಕಡ್ಡಿಗೆ ಐಸ್‌ಕ್ರೀಮ್ ಕಡ್ಡಿ, ಪೊರಕೆ ಕಡ್ಡಿ ಯಾವುದಾದ್ರೂ ಆಗುತ್ತೆ, ಬೆಂಕಿಕಡ್ಡಿ ಮಾತ್ರ ಬೇಡ.