ಅಪ್‌ಡೇಟ್: ಫಿಸಿಯೋಥೆರಪಿಯಿಂದ ಕೈರೋಪ್ರ್ಯಾಕ್ಟಿಕ್‌ಗೆ

ಪುಣೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು, ಕೈರೋಪ್ರ್ಯಾಕ್ಟರ್ (ಬೆನ್ನುಮೂಳೆ, ಕೀಲುಗಳ ತೊಂದರೆಗೆ ಮುಖ್ಯವಾಗಿ ಕೈಯಿಂದಲೇ ಚಿಕಿತ್ಸೆ ಕೊಡುವವರು) ಆಗಲು ಮೊದಲಿನಿಂದ ಓದಬೇಕೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿಯನ್ನು ನೋಡಿ ಎಂದ ಹಿರಿಯರೊಬ್ಬರ ಸಲಹೆಯೇ ಕೊನೆಗೆ ಕೈಹಿಡಿಯಿತು. ಹೊಸಬರಿಗೆ ಕನಿಷ್ಠ 4200 ಗಂಟೆಗಳ ತರಬೇತಿಯನ್ನು ಹೇಳುವ ಅದು, ಈಗಾಗಲೇ ಆರೋಗ್ಯ ಕ್ಷೇತ್ರದಲ್ಲಿ ಓದಿದವರ ಹಿಂದಿನ ಶಿಕ್ಷಣವನ್ನು ಲೆಕ್ಕಕ್ಕೆ ಹಿಡಿದು, ಕನಿಷ್ಠ ಮಿತಿಯನ್ನು 2200 ಗಂಟೆಗಳಿಗೆ ಇಳಿಸುತ್ತದೆ. ಅಚ್ಚರಿಯೆಂದರೆ, ಮೇಲ್ವಿಚಾರಣೆಯಡಿ ರೋಗಿಗಳನ್ನು ನೋಡುವ 1000 ಗಂಟೆಗಳಲ್ಲಿ ಮಾತ್ರ ಯಾರಿಗೂ ರಿಯಾಯಿತಿಯಿಲ್ಲ. ನಮ್ಮ ಅನುಭವಕ್ಕೆ ಅಲ್ಲೇ ವಿನಾಯಿತಿ ಸಿಗಬಹುದೆಂದು ನಾನು ಎಣಿಸಿದ್ದೆ.

ವಾರಾಂತ್ಯದ ಕೋರ್ಸ್ ಸಾಕೆಂಬ ಸಲಹೆ ಪ್ರಯೋಜನಕ್ಕೆ ಬರಲಿಲ್ಲ. ತರಿಸಿಕೊಂಡ ಕರಪತ್ರದಲ್ಲಿ ಕುತ್ತಿಗೆ ತಿರುಗಿಸುವ ದೊಡ್ಡ ಚಿತ್ರವಿತ್ತೇ ಹೊರತು, ಎಕ್ಸ್-ರೇ ಓದುವ ಪಾಠವಾಗಲಿ, ಯಾರ ಕುತ್ತಿಗೆಯನ್ನು ಮುಟ್ಟಲೇಬಾರದು ಎಂಬುದಾಗಲಿ ಇರಲಿಲ್ಲ. ಭಾರತದಲ್ಲಿ ಈ ವೃತ್ತಿಗೆ ಪ್ರತ್ಯೇಕ ಶಾಸನಬದ್ಧ ಮಂಡಳಿಯಿಲ್ಲದ್ದರಿಂದ ಇಂಥವು ನಡೆಯುತ್ತವೆ. ಬ್ರಿಟನ್‌ನಲ್ಲಾದರೆ ಜನರಲ್ ಕೈರೋಪ್ರ್ಯಾಕ್ಟಿಕ್ ಕೌನ್ಸಿಲ್‌ನಲ್ಲಿ ನೋಂದಾಯಿಸದೆ ಕೈರೋಪ್ರ್ಯಾಕ್ಟರ್ ಎಂದು ಹೇಳಿಕೊಳ್ಳುವುದೇ ಅಪರಾಧ.

ಸದ್ಯ ಕ್ಲಿನಿಕ್ ಬಿಡದೆ, ವಿದೇಶದ ಮಾನ್ಯತೆ ಪಡೆದ ಕಾಲೇಜುಗಳಿಗೆ ಅಂಕಪಟ್ಟಿ ಮತ್ತು ಪಠ್ಯಕ್ರಮ ಕಳಿಸಿ, ಯಾವ ವಿಷಯಗಳಿಗೆ ವಿನಾಯಿತಿ ಸಿಗುತ್ತದೆಂದು ಲಿಖಿತವಾಗಿ ಕೇಳಿದ್ದೇನೆ.