ಐವರಿ ಹೊಡೆಸೋದಾ, ಆಫ್ ವೈಟಾ? ಹೊಡೆಸಿದವರು ಹೇಳಿ

ಬಸವನಹಳ್ಳಿ, ಚಿಕ್ಕಮಗಳೂರು: ಹಾಲಿನ ಗೋಡೆಗೆ, ಎರಡು ರೂಮಿನ ಗೋಡೆಗೆ ಯಾವ ಬಣ್ಣ ಅಂತ ಮನೆಯಲ್ಲಿ ತೀರ್ಮಾನ ಆಗ್ತಿಲ್ಲ. ಪೇಂಟ್ ಅಂಗಡಿಯ ಶೇಡ್ ಕಾರ್ಡಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಹಾಲಿನ ಕಿಟಕಿ ಉತ್ತರಕ್ಕಿದೆ. ಅನುಭವ ಇದ್ದವರು ತಿಳಿಸಿ.

ಸಾಲಗಾಮೆ ರಸ್ತೆ, ಹಾಸನ: ಆಫ್ ವೈಟ್ ಹೊಡೆಸಿ, ಎರಡನೇ ಯೋಚನೆ ಬೇಡ. ನಾನು ಐವರಿ ಹೊಡೆಸಿ ಕೈ ಸುಟ್ಟುಕೊಂಡವನು, ಅದರಲ್ಲಿ ಸ್ವಲ್ಪ ಹಳದಿ ಇರುತ್ತೆ. ಹಗಲು ಚೆನ್ನಾಗೇ ಇತ್ತು. ಸಂಜೆ 3000 ಕೆಲ್ವಿನ್‌ನ ಹಳದಿ ಬಲ್ಬು ಹಾಕಿದರೆ ಗೋಡೆಗೆಲ್ಲ ಅರಿಶಿನ ಬಳಿದ ಹಾಗೆ. ಒಂಬತ್ತೇ ತಿಂಗಳಿಗೆ ಮತ್ತೆ ಹೊಡೆಸಿದೆ. 20 ಲೀಟರ್ ಬಕೆಟ್ 7,600, ಸಾಲದೆ 4 ಲೀಟರ್ ಡಬ್ಬಿ 1,750, ಕೂಲಿ ಚದರಡಿಗೆ 9ರಂತೆ 1,650 ಚದರಡಿಗೆ 14,850, ಪಾಲಿಶ್ ಪೇಪರ್, ಟೇಪಿಗೆ 640. ಒಟ್ಟು 24,840 ರೂಪಾಯಿ. ಆ ದುಡ್ಡು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮೂಡಿಗೆರೆ: ಹಾಸನದವರೇ, ಅದು ಬಲ್ಬಿನ ತಪ್ಪು, ಐವರಿ ತಪ್ಪಲ್ಲ. ನಮ್ಮದು ತೋಟದ ಮನೆ, ರೆಡ್ ಆಕ್ಸೈಡ್ ನೆಲ. ಅತ್ತೆ ಬೇಡ ಬೇಡ ಅಂದರೂ ಆಫ್ ವೈಟ್ ಹೊಡೆಸಿದೆ. ಬೆಳಗ್ಗೆ ಹೊರಗಿನ ಸಿಲ್ವರ್ ಓಕ್ ಮರಗಳ ಹಸಿರು ಗೋಡೆಗೆ ಹೊಡೆಯುತ್ತಿತ್ತು, ಮಧ್ಯಾಹ್ನ ನೆಲದ ಕೆಂಪು. ಮಳೆ ಹಿಡಿದರೆ ಬೂದಿ ಬೂದಿ. ಆಗಸ್ಟಿಗೆ ಬೂಷ್ಟು ಬೇರೆ ಎದ್ದು ಕಾಣುತ್ತಿತ್ತು. ಐವರಿ ಹೊಡೆಸಿ ಈಗ ನಾಲ್ಕು ವರ್ಷ, ಮನೆಗೆ ಬೆಳಕು ಬಂದಿದೆ. ಅತ್ತೆ ಹೇಳಿದ್ದೇ ಸರಿ.

ಅರಸೀಕೆರೆ: ಬೂಷ್ಟಿಗೂ ಬಣ್ಣಕ್ಕೂ ಏನು ಸಂಬಂಧ ಮೇಡಂ? ಗೋಡೆ ಹಸಿ ಇದ್ದರೆ ಯಾವ ಬಣ್ಣವೂ ನಿಲ್ಲಲ್ಲ. ಹೊಸ ಗಾರೆ 28 ದಿನವಾದರೂ ಒಣಗಬೇಕು. ನಾನು ಗೃಹಪ್ರವೇಶದ ಅವಸರಕ್ಕೆ 15 ದಿನಕ್ಕೇ ಪುಟ್ಟಿ ಎಳೆಸಿದೆ, ಹಪ್ಪಳದ ಹಾಗೆ ಎದ್ದುಬಂತು. ಕೆರೆಸಿ, ಪ್ರೈಮರ್ ಹೊಡೆಸಿ, ಮತ್ತೆ ಎರಡು ಕೋಟು. 31,000 ನೀರುಪಾಲು.

ಮೂಡಿಗೆರೆ: ನಮ್ಮದು ಅರವತ್ತು ವರ್ಷದ ಮನೆ, ಹೊಸ ಗಾರೆ ಎಲ್ಲಿಂದ ಬಂತು? ಅರಸೀಕೆರೆ ಬಿಸಿಲಲ್ಲಿ ಕೂತು ಮಲೆನಾಡಿನ ಗೋಡೆಗೆ ಪಾಠ ಹೇಳಬೇಡಿ. ಒಂದು ಮಳೆಗಾಲ ಇಲ್ಲಿ ಇದ್ದು ನೋಡಿ, ಆಮೇಲೆ ಮಾತಾಡೋಣ.

ಬಸವನಹಳ್ಳಿ, ಚಿಕ್ಕಮಗಳೂರು: ಉತ್ತರದ ಕಿಟಕಿ ಅಂದಿದ್ದೆ...

ಕಡೂರು: ಉತ್ತರದ ಬೆಳಕು ತಣ್ಣಗೆ, ಸ್ವಲ್ಪ ನೀಲಿ. ನಮ್ಮ ಹಾಲೂ ಹಾಗೇ, ಐವರಿ ಒಪ್ಪಿದೆ. ಶೇಡ್ ಕಾರ್ಡ್ ನಂಬಬೇಡಿ. ಸಣ್ಣ ಡಬ್ಬಿ ತಂದು ಎರಡಡಿ ಅಗಲ ಎರಡು ಕೋಟು ಹೊಡೆದು, ಹಗಲು ರಾತ್ರಿ ಎರಡೂ ನೋಡಿ. ಅಂದಹಾಗೆ ಸಾಲಗಾಮೆ ರಸ್ತೆಯವರೇ, 1,650 ಅನ್ನೋದು ಬಾಗಿಲು ಕಿಟಕಿ ಕಳೆದಾ? ಕಳೆಯದಿದ್ದರೆ ಮೇಸ್ತ್ರಿ ನಿಮಗೆ ಟೋಪಿ ಹಾಕಿದ್ದಾನೆ.

ಸಾಲಗಾಮೆ ರಸ್ತೆ, ಹಾಸನ: ಟೇಪ್ ಹಿಡಿದದ್ದು ನಾನೇ ಸ್ವಾಮಿ. ನಾಲ್ಕು ಬಾಗಿಲು, ಆರು ಕಿಟಕಿ ಕಳೆದೇ 1,650. ಆ ಹುಡುಗ ಹದಿನಾಲ್ಕು ದಿನ ದುಡಿದಿದ್ದಾನೆ, ಅವನ ಮೇಲೆ ಕಳ್ಳತನ ಹೊರಿಸಬೇಡಿ.